ಶೂನ್ಯ ಟಿಕೆಟ್ಟಿನ ಬೆಲೆ ಯಾರು ಕೊಡ್ತಿದ್ದಾರೆ?

ಶಕ್ತಿ ಯೋಜನೆ ಬೇಕಾ, ಬೇಡವಾ? ಈ ಚರ್ಚೆ ಇವತ್ತು ನಾನು ಎತ್ತೋದಿಲ್ಲ. 2023ರ ಜೂನ್ 11ರಿಂದ ಈ ರಾಜ್ಯದ ಎಲ್ಲ ಚಾನೆಲ್‌ಗಳಲ್ಲೂ ಆ ಚರ್ಚೆ ಬೇಕಾದಷ್ಟು ಆಗಿದೆ. ಆಡಳಿತ ಪಕ್ಷದವರು ಬಂದರು, ವಿರೋಧ ಪಕ್ಷದವರು ಬಂದರು, ಆರ್ಥಿಕ ತಜ್ಞರು ಬಂದರು. ಹೆಣ್ಣುಮಕ್ಕಳು ಹಣ ಕೊಡದೆ ಬಸ್ ಹತ್ತಿದ್ದರಿಂದ ಅವರ ಬದುಕಿಗೆ ಆದ ಅನುಕೂಲವನ್ನ ನಾನು ಕಣ್ಣಾರೆ ಕಂಡಿದ್ದೀನಿ, ಅದರಲ್ಲಿ ನನಗೆ ತಕರಾರಿಲ್ಲ. ನನ್ನ ಪ್ರಶ್ನೆ ಬೇರೆ. ಆ ಬಸ್ಸಿನೊಳಗೆ ಒಬ್ಬ ಮನುಷ್ಯ ನಿಂತಿರ್ತಾನೆ. ಹೆಗಲಿಗೆ ಬ್ಯಾಗು, ಕೈಯಲ್ಲಿ ಟಿಕೆಟ್ ಮಷಿನ್, ಬಾಯಲ್ಲಿ "ಮುಂದ ನಡೀರಿ, ಮುಂದ ನಡೀರಿ". ಆ ಕಂಡಕ್ಟರ್‌ನ ಕೆಲಸ ರಾತ್ರೋರಾತ್ರಿ ಬದಲಾಯ್ತಲ್ಲ, ಅವನನ್ನ ಯಾರಾದರೂ ಕೇಳಿದರಾ?

ಸ್ವಲ್ಪ ನಕಾಶೆ ನೋಡಿ. ಕರ್ನಾಟಕದ ನೆತ್ತಿಯ ಮೇಲೆ ಬೀದರ್. ಅಲ್ಲಿ ಕಮಲನಗರ. ಮೊದಲು ಔರಾದ್ ತಾಲ್ಲೂಕಿಗೆ ಸೇರಿದ್ದ ಊರು, 2017ರ ಬಜೆಟ್‌ನಲ್ಲಿ ಚಿಟಗುಪ್ಪ, ಹುಲಸೂರು ಜೊತೆ ತಾನೂ ತಾಲ್ಲೂಕು ಅಂತ ಘೋಷಣೆಯಾಯ್ತು. ಒಂದು ಕಡೆ ಭಾಲ್ಕಿ, ಇನ್ನೊಂದು ಕಡೆ ಮಹಾರಾಷ್ಟ್ರದ ಉದಗೀರ. ಸಂತೆ ಅಲ್ಲಿ, ದವಾಖಾನೆ ಅಲ್ಲಿ, ಬೀಗರ ಮನೆ ಅಲ್ಲಿ. ಕನ್ನಡ, ಮರಾಠಿ, ದಖನಿ ಉರ್ದು ಮೂರೂ ಒಂದೇ ಸೀಟಲ್ಲಿ ಕೂತು ಮಾತಾಡೋ ಸೀಮೆ ಅದು.

ಈಗ ಮೂರು ರಾಜ್ಯಗಳ ಲೆಕ್ಕ ನೋಡಿ. ಮಹಾರಾಷ್ಟ್ರದಲ್ಲಿ 2023ರ ಮಾರ್ಚ್ 17ರಿಂದ ಹೆಣ್ಣುಮಕ್ಕಳಿಗೆ ಎಸ್‌ಟಿ ಬಸ್ಸಲ್ಲಿ ಅರ್ಧ ಟಿಕೆಟ್. ಕರ್ನಾಟಕದಲ್ಲಿ ಅದೇ ವರ್ಷದ ಜೂನ್ 11ರಿಂದ ಪೂರ್ತಿ ಉಚಿತ, ಆದರೆ ಕರ್ನಾಟಕದ ವಿಳಾಸ ಇರೋರಿಗೆ ಮಾತ್ರ, ಅದೂ ಐಷಾರಾಮಿ ಬಸ್ ಬಿಟ್ಟು. ತೆಲಂಗಾಣದಲ್ಲಿ ಡಿಸೆಂಬರ್ 9ರಿಂದ ಉಚಿತ, ಅಲ್ಲಿಯವರಿಗೆ ಮಾತ್ರ. ಒಂಬತ್ತು ತಿಂಗಳೊಳಗೆ ಮೂರು ಸರ್ಕಾರ, ಮೂರು ನಿಯಮ. ಬೀದರ್ ಜಿಲ್ಲೆಯ ಬಸ್‌ಸ್ಟ್ಯಾಂಡಿನಲ್ಲಿ ಈ ಮೂರೂ ನಿಯಮ ಒಂದಕ್ಕೊಂದು ಡಿಕ್ಕಿ ಹೊಡೀತವೆ. ಡಿಕ್ಕಿಯ ಮಧ್ಯೆ ಸಿಕ್ಕಿಹಾಕಿಕೊಳ್ಳೋನು ಯಾರು? ಕಂಡಕ್ಟರ್.

ಒಂದು ಉದಾಹರಣೆ ತಗೊಳ್ಳಿ. ಕಮಲನಗರದ ಮಗಳನ್ನ ಉದಗೀರದ ಕಡೆ ಕೊಟ್ಟಿದ್ದಾರೆ. ಮದುವೆಯಾದ ಮೇಲೆ ಆಧಾರ್‌ನಲ್ಲಿ ವಿಳಾಸ ಬದಲಾಗಿದೆ. ಪಂಚಮಿಗೆ ತವರಿಗೆ ಬಂದಾಕಿ ಭಾಲ್ಕಿಗೆ ಹೊಂಟಾಳ. ಪಕ್ಕದಲ್ಲಿ ಅವಳ ತಾಯಿಗೆ ಶೂನ್ಯ ಟಿಕೆಟ್, ತಂಗಿಗೆ ಶೂನ್ಯ ಟಿಕೆಟ್. ಇವಳ ಆಧಾರ್ ನೋಡಿ ಕಂಡಕ್ಟರ್ ಹೇಳಬೇಕು: "ನಿಮ್ದು ಮಹಾರಾಷ್ಟ್ರದ ಅಡ್ರೆಸ್ ಅದ ಯಕ್ಕಾ, ರೊಕ್ಕ ಕೊಡ್ಬೇಕು." ಅವಳಿಗೆ ಏನನ್ನಿಸುತ್ತೆ? "ಇದು ನಂ ಊರು, ನಾ ಇಲ್ಲೇ ಹುಟ್ಟೀನಿ, ನನಗ್ಯಾಕ ಟಿಕೇಟು?" ಪ್ರಶ್ನೆ ನ್ಯಾಯವಾದದ್ದೇ. ಆದರೆ ಉತ್ತರ ಕೊಡಬೇಕಾದ್ದು ಬೆಂಗಳೂರಲ್ಲಿ ಆದೇಶ ಬರೆದೋರು. ಉತ್ತರ ಕೊಡ್ತಿರೋದು ಅರವತ್ತು ಜನ ನಿಂತಿರೋ ಬಸ್ಸಲ್ಲಿ, ಒಂದು ಕೈಯಲ್ಲಿ ಕಂಬಿ ಹಿಡಿದ ಕಂಡಕ್ಟರ್. ನಿಯಮ ಸರ್ಕಾರದ್ದು, ಸಿಟ್ಟು ಅವನ ಪಾಲಿಗೆ!

ಇದಕ್ಕೊಂದು ಹೆಸರಿದೆ. ಆರ್ಲಿ ಹಾಕ್‌ಷೀಲ್ಡ್ ಅಂತ ಅಮೆರಿಕದ ಸಮಾಜಶಾಸ್ತ್ರಜ್ಞೆ. 1983ರಲ್ಲಿ 'ದಿ ಮ್ಯಾನೇಜ್ಡ್ ಹಾರ್ಟ್' ಅನ್ನೋ ಪುಸ್ತಕ ಬರೆದರು. ವಿಮಾನದ ಗಗನಸಖಿಯರನ್ನ ಅಧ್ಯಯನ ಮಾಡಿ ಹೇಳಿದ್ದು ಇಷ್ಟು: ಇವರು ಬರೀ ಕೈಕಾಲಿನ ಕೆಲಸ ಮಾಡ್ತಿಲ್ಲ, ಮನಸ್ಸಿನ ಕೂಲಿಯನ್ನೂ ಮಾಡ್ತಿದ್ದಾರೆ. ಒಳಗೆ ಕುದೀತಿದ್ದರೂ ಹೊರಗೆ ನಗಬೇಕು, ಆ ನಗು ಸಂಬಳದ ಭಾಗ. ವಿಮಾನವನ್ನ ನಿಮ್ಮ ಮನೆಯ ಪಡಸಾಲೆ ಅಂದ್ಕೊಳ್ಳಿ, ಪ್ರಯಾಣಿಕರನ್ನ ಅತಿಥಿ ಅಂದ್ಕೊಳ್ಳಿ ಅಂತ ತರಬೇತಿಯಲ್ಲೇ ಹೇಳಿಕೊಡ್ತಿದ್ದರು. ಅದೇ ಪುಸ್ತಕದಲ್ಲಿ ಇನ್ನೊಂದು ಜಾತಿಯ ನೌಕರರೂ ಬರ್ತಾರೆ, ಬಾಕಿ ವಸೂಲಿ ಮಾಡೋರು. ಅವರಿಗೆ ಪಾಠ ಉಲ್ಟಾ: ಕರಗಬೇಡಿ, ಅನುಮಾನ ಪಡಿ, ಗದರಿಸಿ.

ನಮ್ಮ ಕಂಡಕ್ಟರ್ ಈ ಎರಡರಲ್ಲಿ ಯಾರು ಸ್ವಾಮಿ? ಎರಡೂ! "ಬರ್ರಿ ತಾಯಿ, ಹತ್ರಿ" ಅಂತ ಕರೀಬೇಕು. ಮರುಕ್ಷಣ ಗುರುತಿನ ಚೀಟಿ ತೋರಿಸಿ ಅಂತ ಅನುಮಾನದಿಂದ ನೋಡಬೇಕು. ಗಗನಸಖಿಯೂ ಅವನೇ, ವಸೂಲಿಗಾರನೂ ಅವನೇ, ಒಂದೇ ನಿಮಿಷದಲ್ಲಿ, ಒಂದೇ ಮುಖದಲ್ಲಿ. ಅಮೆರಿಕದಲ್ಲಿ ಒಂದೊಂದಕ್ಕೆ ಬೇರೆ ಬೇರೆ ತರಬೇತಿ ಇತ್ತು. ಇಲ್ಲಿ ಸಿಕ್ಕಿದ್ದು ಒಂದು ಸುತ್ತೋಲೆ.

ಶೂನ್ಯ ಟಿಕೆಟ್ ಅಂದರೆ ಸುಮ್ಮನೆ ಕೊಡೋ ಚೀಟಿ ಅಂದ್ಕೋಬೇಡಿ. ಅದರ ಲೆಕ್ಕದ ಮೇಲೇ ಸರ್ಕಾರ ನಿಗಮಕ್ಕೆ ಹಣ ತುಂಬಿಕೊಡೋದು. ಹೀಗಾಗಿ ಕಂಡಕ್ಟರ್ ಒಬ್ಬ ಹೆಣ್ಣುಮಗಳಿಗೆ ಟಿಕೆಟ್ ಹರಿಯದೆ ಬಿಟ್ಟರೆ ತಪ್ಪು, ಇಲ್ಲದ ಪ್ರಯಾಣಿಕರ ಹೆಸರಲ್ಲಿ ಹರಿದರೂ ತಪ್ಪು. ದಾರಿಯಲ್ಲಿ ಚೆಕಿಂಗ್‌ನೋರು ಹತ್ತಿದರೆ ತಲೆ ಎಣಿಸ್ತಾರೆ. "ರೊಕ್ಕಾನೇ ಇಲ್ಲ, ಚೀಟಿ ಯಾಕ?" ಅಂತ ಅಜ್ಜಿ ಕೇಳ್ತಾಳೆ. ಅಜ್ಜಿಗೆ ಅದು ಕಾಗದದ ಚೂರು, ಕಂಡಕ್ಟರ್‌ಗೆ ನೌಕರಿ.

ಯೋಜನೆಗೆ ಮೊದಲು ನಾಲ್ಕೂ ನಿಗಮ ಸೇರಿ ದಿನಕ್ಕೆ ಸುಮಾರು 85 ಲಕ್ಷ ಜನ ಓಡಾಡ್ತಿದ್ದರು. ಆಮೇಲೆ ಅದು ಕೋಟಿ ದಾಟಿತು. 2025ರ ಜುಲೈ 14ಕ್ಕೆ ಉಚಿತ ಪ್ರಯಾಣದ ಸಂಖ್ಯೆ 500 ಕೋಟಿ ಮುಟ್ಟಿತು, ಮುಖ್ಯಮಂತ್ರಿಗಳೇ ಬಸ್ ಹತ್ತಿ ಟಿಕೆಟ್ ಕೊಟ್ಟು ಸಂಭ್ರಮಿಸಿದರು. ಸಂಭ್ರಮಿಸಲಿ, ತಪ್ಪಿಲ್ಲ. ಆದರೆ ಆ 500 ಕೋಟಿ ಟಿಕೆಟ್ ಹರಿದ ಬೆರಳುಗಳು ಯಾರವು? ಅದೇ ವರ್ಷದ ಜನವರಿಯಲ್ಲಿ ದರ ಶೇಕಡಾ 15 ಏರಿತು. ಏರಿಸಿದ್ದು ಸಂಪುಟ. ಗಂಡಸರು ಬೈದದ್ದು ಯಾರನ್ನ? ಮತ್ತೆ ಅದೇ ಕಂಡಕ್ಟರ್‌ನ. ಆಗಸ್ಟ್ 5ರಂದು ವೇತನ ಬಾಕಿಗಾಗಿ ಸಾರಿಗೆ ನೌಕರರು ಮುಷ್ಕರಕ್ಕಿಳಿದರು, ಹೈಕೋರ್ಟ್ ಮಧ್ಯಪ್ರವೇಶಿಸಿದ ಮೇಲೆ ನಿಂತಿತು. ಆವತ್ತು ಟಿವಿಯಲ್ಲಿ ಪ್ರಯಾಣಿಕರ ಪರದಾಟ ಕಂಡಿತು. ವರ್ಷಪೂರ್ತಿ ನಡೆಯೋ ನೌಕರರ ಪರದಾಟ ಯಾವ ಕ್ಯಾಮೆರಾಕ್ಕೂ ಕಾಣೋದಿಲ್ಲ.

ಬದಲಾವಣೆ ಈ ಸೀಮೆಗೆ ಹೊಸದಲ್ಲ. ನಿಜಾಮರ ಕಾಲದಲ್ಲಿ, 1932ರಲ್ಲೇ, ಹೈದರಾಬಾದ್ ಸಂಸ್ಥಾನ 27 ಬಸ್ಸುಗಳೊಂದಿಗೆ ಸರ್ಕಾರಿ ಸಾರಿಗೆ ಶುರುಮಾಡಿತ್ತು. 1956ರಲ್ಲಿ ಬೀದರ್ ಮೈಸೂರು ರಾಜ್ಯಕ್ಕೆ ಬಂತು. 2000ದಲ್ಲಿ ಕಲಬುರಗಿಯಲ್ಲಿ ಈಶಾನ್ಯ ಕರ್ನಾಟಕ ಸಾರಿಗೆ ನಿಗಮ ಆಯ್ತು. 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕ ಅಂತ ಹೆಸರಿಟ್ಟರು, ಆಮೇಲೆ ನಿಗಮದ ಹೆಸರೂ ಹಾಗೇ ಬದಲಾಯ್ತು. ಪ್ರತಿ ಸಲ ಬೋರ್ಡ್ ಬದಲಾಯ್ತು, ಕೆಲಸ ಅದೇ ಉಳೀತು: ರೊಕ್ಕ ತಗೋ, ಟಿಕೆಟ್ ಕೊಡು. 2023ರಲ್ಲಿ ಉಲ್ಟಾ ಆಯ್ತು. ಬೋರ್ಡ್ ಹಾಗೇ ಇತ್ತು, ಕೆಲಸವೇ ಬದಲಾಯ್ತು. ಬೋರ್ಡ್ ಬದಲಾದರೆ ಸಮಾರಂಭ ಮಾಡ್ತೀವಿ. ಕೆಲಸ ಬದಲಾದರೆ ಮಾಡೋರನ್ನ ಕೂರಿಸಿ ಮಾತಾಡೋದಿಲ್ಲ. ಇದು ಸಾರಿಗೆ ನಿಗಮದ ಕಥೆ ಮಾತ್ರ ಅಲ್ಲ. ಬ್ಯಾಂಕುಗಳು ವಿಲೀನವಾದಾಗ ಕೌಂಟರ್‌ನಲ್ಲಿ ಕೂತೋರಿಗೆ, ಹೊಸ ಆ್ಯಪ್ ಬಂದಾಗ ಆಶಾ ಕಾರ್ಯಕರ್ತೆಯರಿಗೆ ಆಗಿದ್ದೂ ಇದೇ.

ಮಾತಾಡದಿದ್ದರೆ ಏನಾಗುತ್ತೆ? 2025ರ ಫೆಬ್ರವರಿಯಲ್ಲಿ ಬೆಳಗಾವಿ ಹತ್ತಿರ ಬಾಳೇಕುಂದ್ರಿಯಲ್ಲಿ ನೋಡಿದ್ವಿ. ಟಿಕೆಟ್ ವಿಚಾರಕ್ಕೆ ಬಂದ ಮಾತು ಭಾಷೆಗೆ ತಿರುಗಿತು, ಕಂಡಕ್ಟರ್ ಮೇಲೆ ಹಲ್ಲೆಯಾಯ್ತು. ಎರಡು ರಾಜ್ಯಗಳ ನಡುವೆ ಬಸ್ ನಿಂತವು. ಮಾರ್ಚ್ 22ಕ್ಕೆ ಕರ್ನಾಟಕ ಬಂದ್ ಕರೆ ಬಂತು. ಹೊಡೆದದ್ದು ಅಕ್ಷಮ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಗಡಿಯ ಬಸ್ಸಲ್ಲಿ ಒಂದು ಚೀಟಿ ಎಷ್ಟು ದೊಡ್ಡ ಬೆಂಕಿಗೆ ಕಡ್ಡಿಯಾಗಬಹುದು ಅನ್ನೋದು ಅವತ್ತು ಗೊತ್ತಾಯ್ತು. ಕಮಲನಗರದ ಮಾರ್ಗದಲ್ಲಿ ಆ ಕಡ್ಡಿ ದಿನಕ್ಕೆ ನೂರು ಸಲ ಕೈಬದಲಾಗುತ್ತೆ. ಹೆಚ್ಚಿನ ದಿನ ಏನೂ ಆಗೋದಿಲ್ಲ. ಯಾಕೆ ಆಗೋದಿಲ್ಲ? ಯಾಕಂದ್ರೆ ಕನ್ನಡದಲ್ಲಿ ಶುರುಮಾಡಿ, ಮರಾಠಿಯಲ್ಲಿ ಸಮಾಧಾನ ಹೇಳಿ, ಉರ್ದುವಿನಲ್ಲಿ ನಗಿಸಿ ಮುಂದಕ್ಕೆ ಕಳಿಸೋ ಕಂಡಕ್ಟರ್ ಅಲ್ಲಿದ್ದಾನೆ. ಈ ಜಾಣ್ಮೆ ಯಾವ ಟ್ರಿಪ್ ಶೀಟಿನಲ್ಲಿ ಬರೀತೀರಿ? ಲೀಟರಿಗೆ ಎಷ್ಟು ಕಿಲೋಮೀಟರ್ ಓಡಿತು ಅಂತ ಡಿಪೋದಲ್ಲಿ ಲೆಕ್ಕ ಇದೆ. ಟಯರ್ ಎಷ್ಟು ಸವೀತು ಅನ್ನೋದಕ್ಕೆ ಲೆಕ್ಕ ಇದೆ. ಮನುಷ್ಯ ಎಷ್ಟು ಸವೆದ ಅನ್ನೋದಕ್ಕೆ?

ದೊಡ್ಡ ಖರ್ಚಿನ ಬೇಡಿಕೆ ನನ್ನದಲ್ಲ. ಒಂದು, ಗಡಿ ಮಾರ್ಗದ ಬಸ್ಸುಗಳ ಬಾಗಿಲಲ್ಲಿ, ನಿಲ್ದಾಣದಲ್ಲಿ, ಯಾರಿಗೆ ಉಚಿತ, ಯಾರಿಗಿಲ್ಲ ಅಂತ ಜನಕ್ಕೆ ಓದೋಕೆ ಬರೋ ಭಾಷೆಗಳಲ್ಲಿ ದೊಡ್ಡದಾಗಿ ಬರೆಸಿ. ಇಲ್ಲ ಅನ್ನೋ ಮಾತನ್ನ ಬೋರ್ಡ್ ಹೇಳಲಿ, ಕಂಡಕ್ಟರ್ ಯಾಕೆ ಹೇಳಬೇಕು? ಎರಡು, ತಿಂಗಳಿಗೊಮ್ಮೆ ಡಿಪೋದಲ್ಲಿ ಒಂದು ಗಂಟೆ ಕೂರಿಸಿ ಕೇಳಿ, ಮೆಮೊ ಕೊಡೋ ಅಧಿಕಾರಿ ಆ ಗಂಟೆ ಹೊರಗಿರಲಿ. ಯಾವ ಟ್ರಿಪ್‌ನಲ್ಲಿ ಜಗಳ ಜಾಸ್ತಿ, ಎಲ್ಲಿ ಇನ್ನೊಂದು ಬಸ್ ಬೇಕು ಅನ್ನೋದು ಅವರಿಗೆ ಗೊತ್ತಿರುವಷ್ಟು ಯಾವ ಸಲಹೆಗಾರನಿಗೂ ಗೊತ್ತಿಲ್ಲ. ಮೂರು, ಬೈಗುಳ ತಿಂದೋನು, ಏಟು ತಿಂದೋನು ಡಿಪೋಗೆ ಬಂದಾಗ ಮೊದಲು ನೀರು ಕೊಡಿ, ವಿವರಣೆ ಆಮೇಲೆ ಕೇಳಿ.

ಇನ್ನು ನಾವು. ನಾಳೆ ಬಸ್ ಹತ್ತಿದಾಗ ಗುರುತಿನ ಚೀಟಿ ಮೊದಲೇ ಕೈಯಲ್ಲಿ ಹಿಡಿದಿರಿ. ಚಿಲ್ಲರೆ ಇದ್ದರೆ ಕೊಡಿ. ನಿಯಮ ಸರಿಯಿಲ್ಲ ಅನ್ನಿಸಿದರೆ ನಿಮ್ಮ ಶಾಸಕರಿಗೆ ಕೇಳಿ, ಕೇಳಲೇಬೇಕು. ಕಂಡಕ್ಟರ್‌ನ ಕೇಳಬೇಡಿ. ಅವನು ಆ ನಿಯಮ ಬರೆದಿಲ್ಲ.