ಉತ್ತರಕ್ಕೆ ಕಿವಿಗೊಡುವವರು ಯಾರು?



ಭೂಮಿಯಾಚೆ ಬುದ್ಧಿಯುಳ್ಳ ಜೀವಿಗಳಿವೆಯೇ? ಇದ್ದರೆ ಅವರೊಡನೆ ಮಾತನಾಡಬಹುದೇ?

1974ರ ನವೆಂಬರ್ 16ರಂದು ಪೋರ್ಟೊರಿಕೊದ ಅರೆಸಿಬೊ ರೇಡಿಯೊ ದೂರದರ್ಶಕದಿಂದ ಎಂ-13 ಎಂಬ ನಕ್ಷತ್ರಗುಚ್ಛದತ್ತ ಸಂದೇಶವೊಂದನ್ನು ಕಳುಹಿಸಲಾಯಿತು. ಬೆಳಕಿನ ವೇಗದಲ್ಲಿ ಸಾಗಿದರೂ ಅದು ಅಲ್ಲಿಗೆ ತಲುಪಲು ಸುಮಾರು 25,000 ವರ್ಷ ಬೇಕು. ಉತ್ತರ ಬರಲು ಮತ್ತೆ ಅಷ್ಟೇ ಕಾಲ. ಆ ದೂರದರ್ಶಕವಾದರೋ 2020ರಲ್ಲಿ ಕುಸಿದುಬಿತ್ತು.

1977ರಲ್ಲಿ ಹಾರಿದ ಎರಡು ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪನದ ಧ್ವನಿಮುದ್ರಿಕೆಗಳಿವೆ. ಅದರಲ್ಲಿ 55 ಭಾಷೆಗಳ ಶುಭಾಶಯ. ಅರಬಿ, ಉರ್ದುವಿನೊಂದಿಗೆ ನಮ್ಮ ಕನ್ನಡವೂ ಇದೆ. ವಾಯೇಜರ್-1 ಮತ್ತೊಂದು ನಕ್ಷತ್ರದ ಸಮೀಪ ಹಾಯಲು ಸುಮಾರು 40,000 ವರ್ಷ ಬೇಕು.

ಉತ್ತರ ಕೇಳಲು ನಾವಿರುವುದಿಲ್ಲ. ಹಾಗಾದರೆ ಈ ಶ್ರಮ ವ್ಯರ್ಥವೇ? ಅಲ್ಲ. ನಮಗಿಂತ ಸಾವಿರಾರು ವರ್ಷ ಮೊದಲೇ ಯಾರಾದರೂ ಸಂದೇಶ ಕಳುಹಿಸಿದ್ದರೆ ಅದು ಇಂದೇ ಇಲ್ಲಿಗೆ ತಲುಪಬಹುದು. ಆದರೆ ಅದನ್ನು ಗುರುತಿಸಲು ಗಣಿತ, ಭೌತವಿಜ್ಞಾನ, ಕಂಪ್ಯೂಟರ್ ಬಲ್ಲವರು ಎಚ್ಚರವಾಗಿರಬೇಕು. ಒಂದು ತಲೆಮಾರು ಕಲಿಕೆಯನ್ನು ಕೈಬಿಟ್ಟರೂ ಬಂದ ಮಾತು ಕೇಳಿಸದೆ ಹೋದೀತು.

ಮಿತ್ರರೇ, ಫಲ ತಮಗೇ ಸಿಗಬೇಕೆಂದು ಹಿಂದಿನವರು ಹಟ ಹಿಡಿಯಲಿಲ್ಲ. ಕಿವಿಗೊಡುವ ಸರದಿ ಈಗ ನಿಮ್ಮದು. ಚೆನ್ನಾಗಿ ಓದಿರಿ.