ದಿಕ್ಕು ಹಿಡಿಯುವ ತಂತಿ

ಕೇಂದ್ರ ದೂರಸಂಪರ್ಕ ಇಲಾಖೆಯ ಪರವಾನಗಿ ಪಡೆದವರು ಲಾಭದ ಆಸೆಯಿಲ್ಲದೆ ನಡೆಸುವ ನಿಸ್ತಂತು ಸಂಪರ್ಕಕ್ಕೆ ಹವ್ಯಾಸಿ ರೇಡಿಯೋ ಎಂದು ಹೆಸರು. ಇದರಲ್ಲಿ ದುಬಾರಿ ಯಂತ್ರಕ್ಕಿಂತ ಆಂಟೆನಾದ ಪಾತ್ರವೇ ಹಿರಿದು. ಆ ಆಂಟೆನಾವನ್ನು ಪುಣೆಯಲ್ಲಿ ತಾಪಕೀರ್ ಗಲ್ಲಿಯ ತಾಮ್ರದ ತಂತಿಯಿಂದಲೂ ಬುರೂಡ್ ಆಳಿಯ ಬಿದಿರಿನಿಂದಲೂ ಮನೆಯಲ್ಲೇ ಕಟ್ಟಿಕೊಳ್ಳಬಹುದು.

ದೂರದೇಶಗಳ ಮಾತುಕತೆಗೆ ಒದಗುವ 14 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಅಲೆಯ ಉದ್ದ ಸುಮಾರು 21 ಮೀಟರ್. ಅದರ ಅರ್ಧಕ್ಕಿಂತ ತುಸು ಕಡಿಮೆ, ಅಂದರೆ 10.1 ಮೀಟರ್ ತಂತಿಯನ್ನು ನಟ್ಟನಡುವೆ ಕತ್ತರಿಸಿ, ಕತ್ತರಿಸಿದ ಎರಡು ತುದಿಗಳಿಗೂ ಯಂತ್ರದಿಂದ ಬರುವ ಕೇಬಲ್ ಸೇರಿಸಿದರೆ ಅದು ಡೈಪೋಲ್ ಎನಿಸುತ್ತದೆ. ಡೈಪೋಲ್ ತನ್ನ ಎರಡೂ ಮಗ್ಗುಲಿಗೆ ಸಮನಾಗಿ ಅಲೆ ಬೀರುತ್ತದೆ. ಅದರಿಂದ ಸುಮಾರು 3 ಮೀಟರ್ ಹಿಂದೆ, ಕೇಬಲ್ ಸೇರಿಸದ, 10.6 ಮೀಟರ್ ಉದ್ದದ ಇನ್ನೊಂದು ತಂತಿಯನ್ನು ಸಮಾನಾಂತರವಾಗಿ ಎಳೆದು ಕಟ್ಟಿದಾಗ, ಮೊದಲನೆಯದರ ಅಲೆ ಇದರಲ್ಲಿ ವಿದ್ಯುತ್ ಹರಿಸಿ, ಇದೂ ತನ್ನ ಪಾಲಿನ ಅಲೆಯನ್ನು ಹೊಮ್ಮಿಸುತ್ತದೆ. ಆ ಎರಡು ಅಲೆಗಳು ಹಿಂದಕ್ಕೆ ಬಹುಮಟ್ಟಿಗೆ ಒಂದನ್ನೊಂದು ಅಳಿಸಿ, ಮುಂದಕ್ಕೆ ಕೂಡಿಕೊಂಡು ಬಲಗೊಳ್ಳುತ್ತವೆ. ಪ್ರತಿಫಲಕವೆಂದು ಕರೆಯುವ ಈ ಬಡಪಾಯಿ ತಂತಿ ಮುಂದಿನ ದಿಕ್ಕಿನ ಬಲವನ್ನು ಎರಡು ಪಟ್ಟಿಗೂ ಮಿಗಿಲಾಗಿಸಬಲ್ಲದು. ಜಪಾನಿನ ಯಾಗಿ ಮತ್ತು ಉಡಾ 1926ರಲ್ಲಿ ಪ್ರಕಟಿಸಿದ ತತ್ತ್ವವೇ ಇಲ್ಲಿಯದೂ.

ಎರಡು ತಂತಿಗಳ ಅಂತರ ಕೆಡದಂತೆ ತುದಿಗಳಲ್ಲಿ ಅಡ್ಡ ಬಿದಿರು ಕಟ್ಟಿ ನೈಲಾನ್ ಹಗ್ಗದಿಂದ ಮೇಲೆತ್ತಬೇಕು. ತಾರಸಿಯ ಕಾಂಕ್ರೀಟಿನೊಳಗಿನ ಕಬ್ಬಿಣವೂ ಅಲೆಯನ್ನು ಕೆಡಿಸುವುದರಿಂದ, ಕಟ್ಟಡ ಎತ್ತರವಾಗಿದೆಯೆಂದು ತಂತಿಯನ್ನು ತಾರಸಿಗೆ ಅಂಟಿದಂತೆ ಬಿಡುವುದು ಜಾಣತನವಲ್ಲ. ಕೇಬಲ್ ಸೇರುವ ಜಾಗಕ್ಕೆ ಮೇಣದಂಥ ಟೇಪು ಸುತ್ತದಿದ್ದರೆ ಪುಣೆಯ ಮಳೆಗಾಲದಲ್ಲಿ ನೀರು ಒಳಸೇರುವುದು ಖಂಡಿತ. ತೆಳುತಂತಿಯ ಶಕ್ತಿಯನ್ನು ನೋಡಬಯಸುವವರಿಗೆ ನಾರಾಯಣಗಾಂವ್ ಬಳಿಯ ಖೋಡದ್ ಇದೆ: ಖಗೋಳವಿಜ್ಞಾನಿ ಗೋವಿಂದ ಸ್ವರೂಪರ ನೇತೃತ್ವದಲ್ಲಿ ಅಲ್ಲೂ ಅದರ ಸುತ್ತಮುತ್ತಲೂ ಎದ್ದ 45 ಮೀಟರ್ ವ್ಯಾಸದ 30 ರೇಡಿಯೋ ದೂರದರ್ಶಕಗಳ ಮೈಯೂ ಗಾಳಿ ಹಾಯುವ ಉಕ್ಕಿನ ತಂತಿಬಲೆಯೇ.

ಮನೆಯಲ್ಲಿ ಕಟ್ಟಿದ, ತಿರುಗಿಸಲಾಗದ ಆಂಟೆನಾದ ಮುಖ ಯಾವ ಕಡೆಗಿರಬೇಕೆಂಬುದೇ ನಿಜವಾದ ಪ್ರಶ್ನೆ. ಗೋಡೆಯ ನಕಾಶೆಯಲ್ಲಿ ನ್ಯೂಯಾರ್ಕ್ ಪಶ್ಚಿಮಕ್ಕಿದ್ದರೂ, ದುಂಡು ಭೂಮಿಯ ಮೇಲಿನ ಅತಿ ಹತ್ತಿರದ ಹಾದಿ ಪುಣೆಯಿಂದ ಹೊರಡುವುದು ಉತ್ತರ–ವಾಯವ್ಯಕ್ಕೆ, ಉತ್ತರದಿಂದ ಸುಮಾರು 26 ಡಿಗ್ರಿ ಎಡಕ್ಕೆ. ಲಂಡನ್ನಿನ ಹಾದಿ ಸುಮಾರು 41 ಡಿಗ್ರಿ ಎಡಕ್ಕೆ. ಹೀಗಾಗಿ ವಾಯವ್ಯಕ್ಕೆ ಮುಖಮಾಡಿದ ಒಂದೇ ಜೋಡಿ ತಂತಿ ಎರಡೂ ಖಂಡಗಳಿಗೆ ಸಾಕಾಗುತ್ತದೆ. ಆದರೆ ಆಗ ತಂತಿಗಳ ಉದ್ದ ಈಶಾನ್ಯ–ನೈಋತ್ಯವಾಗಿ ಚಾಚುತ್ತದೆ. ತಂತಿ ತನ್ನ ತುದಿಗಳ ಕಡೆಗೆ ಅತ್ಯಲ್ಪ ಅಲೆ ಬೀರುವುದರಿಂದ, ಈಶಾನ್ಯದ ಜಪಾನ್, ಯಾಗಿ–ಉಡಾ ಅವರ ನಾಡೇ, ಮಸುಕಾಗಿಬಿಡುತ್ತದೆ. ಅದನ್ನೂ ಬಿಡಲೊಲ್ಲದವರು ಪ್ರತಿಫಲಕವಿಲ್ಲದ ಇನ್ನೊಂದು ಡೈಪೋಲನ್ನು ಇದಕ್ಕೆ ಅಡ್ಡಲಾಗಿ ಕಟ್ಟುತ್ತಾರೆ.