ದೂರದ ವಿಶ್ವವಿದ್ಯಾಲಯಕ್ಕೆ ಮಕ್ಕಳನ್ನು ಕಳುಹಿಸುವ ಮುನ್ನ
(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬದ ಮೇಲೂ ಅನುಚರರ ಮೇಲೂ ಶಾಂತಿ ಇರಲಿ.



ಕಳೆದ ವಾರ ಇಶಾ ನಮಾಝಿನ ಬಳಿಕ ಜಮಾಅತಿನ ಒಬ್ಬರು ನನ್ನ ಬಳಿ ಕುಳಿತರು. ಮಗ ಎರಡನೇ ಪಿಯುಸಿ. "ಉಸ್ತಾದರೇ, ಅವನಿಗೆ ಅಲೀಗಢಕ್ಕೆ ಹೋಗಬೇಕಂತೆ. ಇಲ್ಲದಿದ್ದರೆ ದೆಹಲಿಯ ಜಾಮಿಯಾ. ಅವನ ಉಮ್ಮ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ನೀವು ಒಂದು ಮಾತು ಹೇಳಿ, ನಾವು ಹಾಗೇ ಮಾಡುತ್ತೇವೆ" ಎಂದರು.

ಆ ಒಂದು ಮಾತನ್ನು ನಾನು ಹೇಳಲಿಲ್ಲ. ಅದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಇನ್ನೊಬ್ಬ ತಂದೆ ಇದೇ ರೀತಿ ಕೇಳಿದಾಗ ನಾನು ಏನನ್ನೂ ವಿಚಾರಿಸದೆ "ಅಷ್ಟು ದೂರ ಬೇಡ, ಇಲ್ಲೇ ಓದಲಿ" ಎಂದುಬಿಟ್ಟೆ. ಹುಡುಗನಿಗೆ ಯಾವ ವಿಷಯದಲ್ಲಿ ಆಸಕ್ತಿ, ಅದು ಇಲ್ಲಿ ಸಿಗುತ್ತದೆಯೇ ಎಂದು ಕೇಳಲಿಲ್ಲ. ಅವನು ಹತ್ತಿರದ ಕಾಲೇಜಿನಲ್ಲಿ ಸಿಕ್ಕಿದ ಕೋರ್ಸಿಗೆ ಸೇರಿದ, ಎರಡನೇ ವರ್ಷ ಬಿಟ್ಟ, ಈಗ ಗಲ್ಫಿನಲ್ಲಿ ಒಂದು ಅಂಗಡಿಯಲ್ಲಿದ್ದಾನೆ. ಪ್ರತಿ ಪೆರ್ನಾಲಿಗೆ ನನಗೆ ಸಲಾಂ ಕಳುಹಿಸುತ್ತಾನೆ, ಒಂದು ದೂರಿನ ಮಾತೂ ಇಲ್ಲ. ಆ ಸಲಾಂ ಬಂದಾಗಲೆಲ್ಲ ನನ್ನ ಮನಸ್ಸು ಚುಚ್ಚುತ್ತದೆ. ದುಡಿಮೆ ಹಲಾಲ್, ಅದರಲ್ಲಿ ಕೀಳೇನೂ ಇಲ್ಲ. ಆದರೆ ಸಲಹೆ ಒಂದು ಅಮಾನತ್. ನಾನು ಅದನ್ನು ಯೋಚಿಸದೆ ಕೊಟ್ಟೆ. ಆದ್ದರಿಂದ ಇಂದು ಕಳುಹಿಸಿ ಎಂದಾಗಲಿ, ಕಳುಹಿಸಬೇಡಿ ಎಂದಾಗಲಿ ಹೇಳುವುದಿಲ್ಲ. ಹೇಗೆ ತೂಗಿ ನೋಡಬೇಕು ಎಂಬುದನ್ನು ಮಾತ್ರ ಹೇಳುತ್ತೇನೆ.

ಸೂರಃ ಯೂಸುಫ್‌ನಲ್ಲಿ ಮಗನನ್ನು ದೂರ ಕಳುಹಿಸುವ ಒಬ್ಬ ತಂದೆಯ ಚಿತ್ರವಿದೆ. ಯಾಕೂಬ್(ಅ) ಅದಾಗಲೇ ಯೂಸುಫರನ್ನು ಕಳೆದುಕೊಂಡಿದ್ದರು. ಬರಗಾಲ ಬಂತು. ಧಾನ್ಯಕ್ಕಾಗಿ ಮಕ್ಕಳು ಮತ್ತೆ ಈಜಿಪ್ಟಿಗೆ ಹೋಗಬೇಕು, ಈ ಸಲ ಕಿರಿಯ ಮಗನನ್ನೂ ಕರೆದೊಯ್ಯಬೇಕು. ಅವರಿಗೆ ಭಯವಿರಲಿಲ್ಲವೇ? ಇತ್ತು, ಅದನ್ನು ಬಾಯಿಬಿಟ್ಟು ಹೇಳಿದರು. ಆಮೇಲೆ ಏನು ಮಾಡಿದರು? ಅಲ್ಲಾಹನ ಹೆಸರಿನಲ್ಲಿ ಹಿರಿಯ ಮಕ್ಕಳಿಂದ ವಚನ ಪಡೆದರು. ಎಲ್ಲರೂ ಒಂದೇ ದ್ವಾರದಿಂದ ಹೋಗದೆ ಬೇರೆ ಬೇರೆ ದ್ವಾರಗಳಿಂದ ಪಟ್ಟಣ ಪ್ರವೇಶಿಸಿರಿ ಎಂದು ಸೂಚಿಸಿದರು. ಕೊನೆಗೆ, ಅಲ್ಲಾಹನ ತೀರ್ಮಾನದಿಂದ ನಿಮ್ಮನ್ನು ತಪ್ಪಿಸಲು ನನ್ನಿಂದಾಗದು, ನನ್ನ ಭರವಸೆ ಅವನ ಮೇಲೆಯೇ ಎಂದರು. ಭಯ, ಮುನ್ನೆಚ್ಚರಿಕೆ, ತವಕ್ಕುಲ್ ಮೂರೂ ಒಬ್ಬ ತಂದೆಯ ಎದೆಯಲ್ಲಿ ಒಟ್ಟಿಗಿದ್ದವು. ಒಂಟೆಯನ್ನು ಕಟ್ಟಿ ಆಮೇಲೆ ಭರವಸೆಯಿಡು ಎಂಬ ಅರ್ಥದ ಪ್ರವಾದಿ(ಸ)ರ ಮಾತು ನಿಮಗೆಲ್ಲ ಗೊತ್ತು. ಈ ವಿಷಯದಲ್ಲಿ ಒಂಟೆ ಕಟ್ಟುವುದು ಎಂದರೆ ಏನೆಂದು ನೋಡೋಣ.

ಮೊದಲನೆಯದು, ನಿಯ್ಯತ್. ಯಾಕೆ ಕಳುಹಿಸುತ್ತೀರಿ? ನೆರೆಮನೆಯವರ ಮಗ ಹೋದನೆಂದೇ? ಮದುವೆ ಮನೆಯಲ್ಲಿ ಹೇಳಿಕೊಳ್ಳಲೆಂದೇ? ಅಥವಾ ಆ ವಿದ್ಯೆ ಅವನಿಗೆ ಅಲ್ಲಿಯೇ ಚೆನ್ನಾಗಿ ಸಿಗುತ್ತದೆಂದೇ? ಸಹಾಬಿ ಜಾಬಿರ್(ರ) ಒಂದೇ ಒಂದು ಹದೀಸನ್ನು ನೇರವಾಗಿ ಕೇಳಲು ಒಂಟೆ ಖರೀದಿಸಿ ಒಂದು ತಿಂಗಳ ದಾರಿ ಸವೆಸಿ ಶಾಮ್‌ಗೆ ಹೋದರು. ಅವರಿಗೆ ಬೇಕಾದದ್ದು ಅಲ್ಲಿ ಮಾತ್ರ ಇತ್ತು. ನಮ್ಮ ಮಗುವಿಗೆ ಬೇಕಾದದ್ದು ಎಲ್ಲಿದೆ ಎಂಬುದೇ ಮೊದಲ ಪ್ರಶ್ನೆ.

ಎರಡನೆಯದು, ಹೆಸರನ್ನು ಬಿಟ್ಟು ವಿಭಾಗವನ್ನು ನೋಡಿ. ಸರ್ ಸೈಯದ್ ಅಹ್ಮದ್ ಖಾನ್ 1875ರಲ್ಲಿ ಶುರು ಮಾಡಿದ ಶಾಲೆ ಬೆಳೆದು 1920ರಲ್ಲಿ ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯವಾಯಿತು. ಅದೇ 1920ರಲ್ಲಿ ಅಲೀಗಢದಲ್ಲಿಯೇ ಹುಟ್ಟಿದ ಜಾಮಿಯಾ ಮಿಲ್ಲಿಯಾ 1925ರಲ್ಲಿ ದೆಹಲಿಗೆ ಬಂತು. ಹೈದರಾಬಾದಿನಲ್ಲಿ ಹುಟ್ಟಿದ ಡಾ. ಝಾಕಿರ್ ಹುಸೈನ್ ಅಲೀಗಢದಲ್ಲಿ ಓದಿ, ಜಾಮಿಯಾವನ್ನು ಕಟ್ಟಿ ನಿಲ್ಲಿಸಿ, 1967ರಲ್ಲಿ ಈ ದೇಶದ ರಾಷ್ಟ್ರಪತಿಯಾದರು. ಈ ಚರಿತ್ರೆ ನಮಗೆ ಹೆಮ್ಮೆ. ಆದರೆ ನಿಮ್ಮ ಮಗು ಓದುವುದು ಚರಿತ್ರೆಯ ಒಳಗಲ್ಲ, ಒಂದು ವಿಭಾಗದ ತರಗತಿಯಲ್ಲಿ. ಅಲ್ಲಿ ಅಧ್ಯಾಪಕರು ಎಷ್ಟು ಮಂದಿ, ಪ್ರಯೋಗಾಲಯ ಹೇಗಿದೆ, ಕಲಿತು ಹೊರಬಂದವರು ಈಗ ಏನು ಮಾಡುತ್ತಿದ್ದಾರೆ ಎಂದು ಈಗ ಓದುತ್ತಿರುವ ಇಬ್ಬರು ಮೂವರಿಗೆ ಫೋನ್ ಮಾಡಿ ಕೇಳಿ. ಹತ್ತಿರ ಇರುವುದನ್ನೂ ಅದರ ಪಕ್ಕದಲ್ಲಿಟ್ಟು ನೋಡಿ. ಮೈಸೂರು ವಿಶ್ವವಿದ್ಯಾಲಯಕ್ಕೆ 1916ರಿಂದ ಇತಿಹಾಸವಿದೆ. ಕೊಣಾಜೆಯಲ್ಲಿ ಮಂಗಳೂರು ವಿ.ವಿ. ಇದೆ. ಕಲಬುರಗಿಯ ಕಡಗಂಚಿಯಲ್ಲಿ 2009ರಿಂದ ಕೇಂದ್ರೀಯ ವಿಶ್ವವಿದ್ಯಾಲಯವೇ ಇದೆ. ಹೈದರಾಬಾದಿನಲ್ಲಿ ಮೂರಿವೆ. ಅಲೀಗಢದ್ದೇ ಒಂದು ಕೇಂದ್ರ ಕೇರಳದ ಮಲಪ್ಪುರಂನಲ್ಲಿದೆ, ಕಾನೂನು ಓದುವವರು ಅದನ್ನು ವಿಚಾರಿಸಬಹುದು. ನಮ್ಮ ಕರಾವಳಿಯವರಿಗೆ ಅದು ಒಂದು ಹಗಲಿನ ಪ್ರಯಾಣ.

ಮೂರನೆಯದು, ಪ್ರವೇಶದ ದಾರಿ. ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಸೀಟುಗಳಿಗೆ 2022ರಿಂದ ಸಿಯುಇಟಿ ಎಂಬ ಪರೀಕ್ಷೆ ಇದೆ. ಹದಿಮೂರು ಭಾಷೆಗಳಲ್ಲಿ ನಡೆಯುತ್ತದೆ, ಕನ್ನಡವೂ ಅದರಲ್ಲಿದೆ. ಅಲೀಗಢ ಮತ್ತು ಜಾಮಿಯಾ ಹಲವು ಕೋರ್ಸುಗಳಿಗೆ ತಮ್ಮದೇ ಪರೀಕ್ಷೆ ನಡೆಸುತ್ತವೆ. ಇವುಗಳ ಅರ್ಜಿಯ ದಿನ ಸಾಮಾನ್ಯವಾಗಿ ಪಿಯುಸಿ ಫಲಿತಾಂಶಕ್ಕೆ ಮೊದಲೇ ಮುಗಿದಿರುತ್ತದೆ. ಫಲಿತಾಂಶ ಬಂದ ಮೇಲೆ ಓಡಾಡಿದರೆ ಪ್ರಯೋಜನವಿಲ್ಲ. ಇನ್ನೊಂದು ಮಾತು. ನಮ್ಮ 2ಬಿ ಮೀಸಲಾತಿ ರಾಜ್ಯದ ಒಳಗಿನದು, ಕೇಂದ್ರೀಯ ವಿ.ವಿ.ಗಳಲ್ಲಿ ಅದು ನಡೆಯದು. ಕೇಂದ್ರದ ಒಬಿಸಿ ಪಟ್ಟಿ ಬೇರೆ. ನಿಮ್ಮ ಪಂಗಡ ಅದರಲ್ಲಿದೆಯೇ ನೋಡಿ, ಇದ್ದರೆ ಕೇಂದ್ರದ ನಮೂನೆಯಲ್ಲೇ ಪ್ರಮಾಣಪತ್ರ ಮಾಡಿಸಿ. ಜಾಮಿಯಾದಲ್ಲಿ ಅರ್ಧದಷ್ಟು ಸೀಟುಗಳು ಮುಸ್ಲಿಂ ವಿದ್ಯಾರ್ಥಿಗಳಿಗೆ ಮೀಸಲು. ಅಲೀಗಢದಲ್ಲಿ ದೊಡ್ಡ ಪಾಲು ಅಲ್ಲಿಯೇ ಓದಿ ಬಂದ ಒಳ ವಿದ್ಯಾರ್ಥಿಗಳಿಗೆ ಹೋಗುತ್ತದೆ, ಹೊರಗಿನವರಿಗೆ ಪೈಪೋಟಿ ಹೆಚ್ಚು. "ಹಣ ಕೊಡಿ, ಸೀಟು ಮಾಡಿಸುತ್ತೇನೆ" ಎನ್ನುವ ದಲ್ಲಾಳಿಗಳು ಬರುತ್ತಾರೆ. ಲಂಚ ಕೊಡುವುದೂ ಪಡೆಯುವುದೂ ಶಾಪಗ್ರಸ್ತ ಕೆಲಸ. ಆ ಬಾಗಿಲಿನಿಂದ ಮಗುವನ್ನು ವಿದ್ಯೆಯ ಮನೆಗೆ ನುಗ್ಗಿಸಬೇಡಿ.

ನಾಲ್ಕನೆಯದು, ಖರ್ಚು. ಸರಕಾರಿ ವಿಶ್ವವಿದ್ಯಾಲಯದ ಶುಲ್ಕ ಖಾಸಗಿ ಕಾಲೇಜುಗಳಿಗಿಂತ ಬಹಳ ಕಡಿಮೆ ಎಂಬುದು ನಿಜ. ಆದರೆ ಲೆಕ್ಕ ಅಲ್ಲಿಗೆ ನಿಲ್ಲುವುದಿಲ್ಲ. ಸೇರಿದವರಿಗೆಲ್ಲ ಹಾಸ್ಟೆಲ್ ಸಿಗುತ್ತದೆಂಬ ಖಾತರಿಯಿಲ್ಲ. ಸಿಗದಿದ್ದರೆ ಹೊರಗೆ ಕೋಣೆ, ಊಟ, ಓಡಾಟ. ವರ್ಷಕ್ಕೆ ಎರಡು ಬಾರಿ ರೈಲಿನಲ್ಲಿ ಹೋಗಿ ಬರಬೇಕು. ಚಳಿಗಾಲದಲ್ಲಿ ನಮ್ಮ ಮಕ್ಕಳು ಕಂಡರಿಯದ ಚಳಿ, ಅದಕ್ಕೆ ರಜಾಯಿ, ಸ್ವೆಟರ್. ಇದನ್ನೆಲ್ಲ ಒಂದು ಕಾಗದದಲ್ಲಿ ಮೂರು ವರ್ಷಕ್ಕೆ ಬರೆಯಿರಿ. ಆ ಕಾಗದವನ್ನು ಮಗುವಿಗೂ ತೋರಿಸಿ. ತಂದೆ ಎಲ್ಲಿಂದ ತರುತ್ತಾರೆಂದು ಅವನಿಗೂ ತಿಳಿದಿರಲಿ. ಕೊರತೆ ಬಿದ್ದರೆ ಬಡ್ಡಿಯ ಸಾಲಕ್ಕೆ ಹೋಗುವ ಮೊದಲು ವಿದ್ಯಾರ್ಥಿವೇತನಗಳನ್ನು ವಿಚಾರಿಸಿ, ಸಂಬಂಧಿಕರನ್ನು ಕೇಳಿ, ಜಮಾಅತಿಗೆ ಬನ್ನಿ. ಈ ಮಾತನ್ನು ಉಳ್ಳವರ ಕಿವಿಗೂ ಹಾಕುತ್ತೇನೆ. ಮಸೀದಿಗೆ ಟೈಲ್ಸ್ ಹಾಕಿಸಲು ನಾವು ಮುಂದೆ ಬರುತ್ತೇವೆ, ಅಲ್ಲಾಹನು ಸ್ವೀಕರಿಸಲಿ. ಒಂದು ಮಗುವಿನ ಮೂರು ವರ್ಷಕ್ಕೆ ಬಡ್ಡಿಯಿಲ್ಲದ ಸಾಲ ಕೊಡಲೂ ಮುಂದೆ ಬರೋಣ.

ಐದನೆಯದು, ಮಗುವಿನ ಸ್ವಭಾವ. ಇದನ್ನೇ ನಾವು ಕೊನೆಗೆ ನೋಡುವುದು. ದೊಡ್ಡ ವಿಶ್ವವಿದ್ಯಾಲಯ ಒಂದು ಪೇಟೆಯಂತೆ, ಸಾವಿರಾರು ಮಕ್ಕಳು. ತರಗತಿಗೆ ಬಾರದಿದ್ದರೆ ಮನೆಗೆ ಫೋನ್ ಮಾಡುವವರು ಯಾರೂ ಇಲ್ಲ. ಸುಬುಹಿಗೆ ಎಬ್ಬಿಸುವ ಉಮ್ಮ ಇಲ್ಲ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ ಮಾತಾಡಿದ ಮಗು ಉರ್ದು ಹಿಂದಿಯ ನಡುವೆ ಕೆಲವು ತಿಂಗಳು ಮೂಕನಂತಿರಬೇಕಾಗಬಹುದು. ನನಗೆ ಗೊತ್ತಿರುವ ಒಬ್ಬ ಹುಡುಗ ಮೂರೇ ತಿಂಗಳಲ್ಲಿ ಹಿಂದಿರುಗಿದ. ತಂದೆಗೆ ಆಸೆಯಿತ್ತು, ಅವನಿಗೆ ಮನಸ್ಸಿರಲಿಲ್ಲ, ಯಾರೂ ಕೇಳಿರಲಿಲ್ಲ. ಆದ್ದರಿಂದ ಕೇಳಿ. ತನ್ನ ಬಟ್ಟೆ ತಾನೇ ಒಗೆಯುತ್ತಾನೆಯೇ? ಕೊಟ್ಟ ಹಣವನ್ನು ತಿಂಗಳ ಕೊನೆಯವರೆಗೆ ಉಳಿಸುತ್ತಾನೆಯೇ? ಯಾರೂ ನೋಡದಿದ್ದಾಗಲೂ ನಮಾಝ್ ಮಾಡುತ್ತಾನೆಯೇ? ಇಲ್ಲ ಎಂದಾದರೆ ಈ ಒಂದು ವರ್ಷ ಅದನ್ನು ಕಲಿಸಿ. ಮನೆಯಲ್ಲಿ ಇಲ್ಲದ ದೀನನ್ನು ಯಾವ ವಿಶ್ವವಿದ್ಯಾಲಯದ ಮಸೀದಿಯೂ ತುಂಬಿಕೊಡಲಾರದು. ಮನೆಯಲ್ಲಿ ಬೇರೂರಿದ್ದು ಬೇಗನೆ ಅಲುಗಾಡುವುದೂ ಇಲ್ಲ.

ಹೆಣ್ಣುಮಕ್ಕಳ ಬಗ್ಗೆ ಕೇಳುತ್ತೀರಿ. ಪ್ರಯಾಣದಲ್ಲಿ ಮಹ್ರಂ ಜೊತೆಗಿರುವ ವಿಷಯ, ಸುರಕ್ಷಿತ ವಾಸ, ಇವುಗಳ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ. ನೀವು ನಂಬುವ ಆಲಿಮರನ್ನು ಕೂತು ಕೇಳಿ, ನಿಮ್ಮ ಪರಿಸ್ಥಿತಿ ಪೂರ್ತಿ ಹೇಳಿ. ಆದರೆ ದೂರ ಬೇಡ ಎಂದು ತೀರ್ಮಾನಿಸಿದರೆ ಹತ್ತಿರದ ಒಳ್ಳೆಯ ದಾರಿ ಹುಡುಕುವ ಹೊಣೆ ನಿಮ್ಮದು. "ದೂರ" ಎಂಬ ಮಾತು "ಓದೇ ಬೇಡ" ಎಂಬುದಕ್ಕೆ ನೆಪವಾಗಬಾರದು. ಇಮಾಂ ಶಾಫಿಈ(ರ)ಯವರ ತಾಯಿ ವಿಧವೆ, ಬಡವರು. ಎಳೆ ಮಗುವನ್ನೆತ್ತಿಕೊಂಡು ಗಾಝಾದಿಂದ ಮಕ್ಕಾಗೆ ಬಂದರು. ಆ ಮಗು ಬೆಳೆದು ಮದೀನಾದಲ್ಲಿ ಇಮಾಂ ಮಾಲಿಕ್(ರ)ರ ಶಿಷ್ಯರಾದರು. ನಾವು ಇಂದು ಯಾರ ಮದ್ಹಬನ್ನು ಅನುಸರಿಸಿ ನಮಾಝಿಗೆ ನಿಂತಿದ್ದೇವೋ, ಅದರ ಹಿಂದೆ ಒಬ್ಬ ತಾಯಿಯ ಪ್ರಯಾಣವಿದೆ.

ಕೊನೆಯದಾಗಿ ಮಶ್ವರ ಮತ್ತು ಇಸ್ತಿಖಾರ. ಮನೆಯಲ್ಲಿ ಎಲ್ಲರೂ ಕೂತು ಮಾತಾಡಿ. ಉಮ್ಮನ ಮಾತೂ ಲೆಕ್ಕಕ್ಕೆ ಬರಲಿ, ಮಗುವಿನ ಮಾತೂ ಬರಲಿ. ಆಮೇಲೆ ಎರಡು ರಕಅತ್ ನಮಾಝ್ ಮಾಡಿ ಅಲ್ಲಾಹನಲ್ಲಿ ಒಳಿತನ್ನು ಬೇಡಿ. ಇಸ್ತಿಖಾರ ಎಂದರೆ ಕನಸಿಗೆ ಕಾಯುವುದೆಂದು ಕೆಲವರು ತಿಳಿದಿದ್ದಾರೆ. ಹಾಗಲ್ಲ. ವಿಚಾರಿಸಿ, ತೂಗಿ, ಒಂದು ಕಡೆ ಹೆಜ್ಜೆಯಿಟ್ಟು, ಇದು ಒಳಿತಾದರೆ ಸುಲಭಗೊಳಿಸು, ಇಲ್ಲದಿದ್ದರೆ ಇದರಿಂದ ನನ್ನನ್ನು ತಿರುಗಿಸು ಎಂದು ಬೇಡುವುದು. ಸೀಟು ಸಿಗದಿದ್ದರೆ ಅದೂ ಒಂದು ಉತ್ತರ. ಮಗುವನ್ನು ಹಂಗಿಸಬೇಡಿ.

ನನ್ನ ಬಳಿ ಬಂದ ಆ ತಂದೆಗೆ ಈ ಐದು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕೊಟ್ಟೆ. ಮೊನ್ನೆ ಅಸ್ರ್‌ಗೆ ತಂದೆ ಮಗ ಇಬ್ಬರೂ ಬಂದರು. ಮೂರಕ್ಕೆ ಉತ್ತರ ಬರೆದಿದ್ದರು, ಎರಡು ಬಾಕಿ ಇದೆ ಎಂದರು. ಮನೆಯಲ್ಲಿ ಊಟ ಶುರುವಾಗಿದೆಯೇ ಎಂದು ಕೇಳಿದೆ. ಇಬ್ಬರೂ ನಕ್ಕರು.

ಅಲ್ಲಾಹನು ನಮ್ಮ ಮಕ್ಕಳಿಗೆ ಉಪಯುಕ್ತ ವಿದ್ಯೆಯನ್ನು ನೀಡಲಿ. ಹತ್ತಿರ ಇರುವವರನ್ನೂ ದೂರ ಹೋದವರನ್ನೂ ಅವನೇ ಕಾಯಲಿ. ಅವರನ್ನು ನಮ್ಮ ಕಣ್ಣಿಗೆ ತಂಪಾಗಿಸಲಿ. ಆಮೀನ್.